ಒಂದು ಲಕ್ಷದ ಆಸುಪಾಸಿನಲ್ಲಿ ಡ್ರಮ್ ಸೆಟ್: ಸ್ಟೇಜ್ ಕಸ್ಟಮ್ಮೋ, ಎಕ್ಸ್‌ಪೋರ್ಟೋ, ಆರ್ಮರಿಯೋ?

ಮಲೆನಾಡ ತಾಳ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತೇನೆ. ಮದುವೆ ರಿಸೆಪ್ಷನ್, ಗಣೇಶನ ಹಬ್ಬ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಈಗಿರುವ ಸೆಟ್ ಒಂಬತ್ತು ವರ್ಷದ್ದು. ಹೋದ ತಿಂಗಳು ಒಂದು ಊರಿನಲ್ಲಿ ಹಾಡಿನ ಮಧ್ಯೆಯೇ 12 ಇಂಚಿನ ಟಾಮ್ (ಬೇಸ್ ಡ್ರಮ್ ಮೇಲೆ ಕೂರಿಸುವ ಡ್ರಮ್) ಮೆಲ್ಲಗೆ ಬಾಗಿ ಸ್ನೇರ್ (ಮುಂದಿರುವ ಮುಖ್ಯ ಡ್ರಮ್) ಮೇಲೆ ಬಂದು ಕೂತಿತು. ಬಿಗಿ ಮಾಡೋಣ ಎಂದು ವಿಂಗ್ ನಟ್ ತಿರುಗಿಸಿದರೆ ಸುಮ್ನೆ ಸುತ್ತುತ್ತಿದೆ. ಒಳಗಿನ ಥ್ರೆಡ್ ಪೂರ್ತಿ ಹೋಗಿದೆ. ಆ ರಾತ್ರಿ ಉಳಿದ ಹಾಡುಗಳನ್ನೆಲ್ಲ ಒಂದೇ ಟಾಮ್‌ನಲ್ಲಿ ಮುಗಿಸಿದೆ.

ಹೊಸ ಸೆಟ್ ತಗೊಳ್ಳಲೇಬೇಕು. ಒಂದು ಲಕ್ಷ ಕೂಡಿಸಿಟ್ಟಿದ್ದೇನೆ. ಎಳೆದಾಡಿದರೆ ಇನ್ನೊಂದು ಇಪ್ಪತ್ತು ಸಾವಿರ ಹೊಂದಿಸಬಹುದು. ಮನಸ್ಸಿನಲ್ಲಿರುವುದು ಮೂರು: ಯಮಹಾ ಸ್ಟೇಜ್ ಕಸ್ಟಮ್ ಬರ್ಚ್, ಪರ್ಲ್ ಎಕ್ಸ್‌ಪೋರ್ಟ್, ಮೇಪೆಕ್ಸ್ ಆರ್ಮರಿ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ, ಎಲ್ಲವೂ ಚೆನ್ನಾಗಿಯೇ ಕೇಳುತ್ತವೆ. ನಿಜವಾಗಿ ಬಳಸಿದವರು ಹೇಳಿ. ಸೌಂಡ್ ಹೇಗೆ? ಅದಕ್ಕಿಂತ ಮುಖ್ಯವಾಗಿ, ಗೂಡ್ಸ್ ಆಟೋದಲ್ಲಿ ವಾರಕ್ಕೆರಡು ಸಲ ಓಡಾಡಿದರೆ ತಡೆಯುತ್ತದಾ?

ಸ್ಟುಡಿಯೋ ಕಿವಿ

ಮೊದಲು ಮರದ ವಿಷಯ ಹೇಳುತ್ತೇನೆ, ಏಕೆಂದರೆ ಮೂರರಲ್ಲೂ ಮರ ಬೇರೆ ಬೇರೆ.

ಸ್ಟೇಜ್ ಕಸ್ಟಮ್ ಪೂರ್ತಿ ಬರ್ಚ್, 6 ಪದರ. ಬರ್ಚ್ ಗಟ್ಟಿ ಮರ. ಏಟು ಬಿದ್ದ ತಕ್ಷಣ 'ಠಪ್' ಎಂದು ಚೂಪಾಗಿ ಬರುತ್ತದೆ, ಕೆಳಗಿನ ದನಿಯೂ ಇರುತ್ತದೆ, ನಡುವಿನ ಗೊಂಯ್ ಗೊಂಯ್ ಕಡಿಮೆ. ಯಮಹಾದವರ ರೆಕಾರ್ಡಿಂಗ್ ಕಸ್ಟಮ್ ಸ್ಟುಡಿಯೋಗಳಲ್ಲಿ ಅಷ್ಟು ಹೆಸರು ಮಾಡಿದ್ದು ಈ ಬರ್ಚ್ ಗುಣದಿಂದಲೇ. ಮೈಕ್ ಇಟ್ಟರೆ ಈಕ್ವಲೈಸರ್‌ನಲ್ಲಿ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಎಕ್ಸ್‌ಪೋರ್ಟ್ ಪೋಪ್ಲರ್ ಮತ್ತು ಏಷ್ಯನ್ ಮಹಾಗನಿಯ ಮಿಶ್ರಣ, ಅದೂ 6 ಪದರ, ದಪ್ಪ 7.5 ಮಿಲಿಮೀಟರ್. ದನಿ ದುಂಡಗೆ, ತುಸು ಮೆತ್ತಗೆ. ಬೇಸ್ ಡ್ರಮ್ ಹೊಟ್ಟೆಗೆ ತಾಗುತ್ತದೆ. ಆರ್ಮರಿಯಲ್ಲಿ ಹೊರಗೆ ಬರ್ಚ್, ಒಳಗೆ ಮೇಪಲ್. ಅದಕ್ಕೇ ಅದು ಎರಡರ ನಡುವೆ ನಿಲ್ಲುತ್ತದೆ, ಮೇಪಲ್‌ನ ಬೆಚ್ಚಗಿನ ದನಿ ಬಾಲದಲ್ಲಿ ಉಳಿಯುತ್ತದೆ.

ನನ್ನ ಓಟು ಸ್ಟೇಜ್ ಕಸ್ಟಮ್‌ಗೆ. ಇನ್ನೊಂದು ಹೆಸರೂ ನೋಡಿ: ಟಾಮಾ ಸೂಪರ್‌ಸ್ಟಾರ್ ಕ್ಲಾಸಿಕ್. ಪೂರ್ತಿ ಮೇಪಲ್, ತೆಳು ಶೆಲ್ (ಡ್ರಮ್‌ನ ಮೈ). ಕೈಗೆ ಹಗುರ, ಕಿವಿಗೆ ತುಂಬಾ ಸೊಗಸು.

ಹಳೇ ರಿದಂ ಮೇಷ್ಟ್ರು

ತಮ್ಮ, ಮೇಲಿನವರು ಮರದ ಬಗ್ಗೆ ಹೇಳಿದ್ದು ಸರಿ. ಆದರೆ ನಿನ್ನ ಟಾಮ್ ಕೆಳಗೆ ಬಿದ್ದದ್ದು ಮರದಿಂದ ಅಲ್ಲ. ಅದನ್ನು ಮರೆಯಬೇಡ.

ದಾವಣಗೆರೆಯ ಕಡೆ ಇಪ್ಪತ್ತಾರು ವರ್ಷದಿಂದ ನುಡಿಸುತ್ತಿದ್ದೇನೆ. ಹೆಡ್ (ಬಾರಿಸುವ ಹಾಳೆ) ಹರಿದದ್ದಿದೆ, ಕೋಲು ಮುರಿದದ್ದಿದೆ. ಶೆಲ್ ಒಡೆದದ್ದನ್ನು ಒಂದೇ ಒಂದು ಸಲವೂ ನೋಡಿಲ್ಲ. ಕೈಕೊಟ್ಟದ್ದೆಲ್ಲ ಕಬ್ಬಿಣವೇ. ಸಿಂಬಲ್ ಸ್ಟ್ಯಾಂಡಿನ ಓರೆ ತಿರುಗಿಸುವ ಹಲ್ಲು ಸವೆಯುವುದು, ಹೈ-ಹ್ಯಾಟ್ ಕ್ಲಚ್ ಸಡಿಲವಾಗಿ ಮೇಲಿನ ಸಿಂಬಲ್ ಜಾರುವುದು, ಸ್ಟೂಲು ಒಂದು ಕಡೆ ವಾಲುವುದು, ಫ್ಲೋರ್ ಟಾಮ್ ಕಾಲಿನ ರಬ್ಬರ್ ಕಳೆದುಹೋಗುವುದು.

ಅಂಗಡಿಗೆ ಹೋದರೆ ನಾನು ಡ್ರಮ್ ಬಾರಿಸುವ ಮೊದಲು ಏನು ಮಾಡುತ್ತೇನೆ ಗೊತ್ತಾ? ಟಾಮ್ ಹೋಲ್ಡರ್ ಬಿಗಿ ಮಾಡಿ, ಟಾಮ್ ಅಂಚಿನ ಮೇಲೆ ಅಂಗೈ ಇಟ್ಟು ನಿಧಾನವಾಗಿ ಕೆಳಗೆ ಒತ್ತುತ್ತೇನೆ. ಹಿಟ್ಟು ನಾದುವಾಗ ಒತ್ತುತ್ತೇವಲ್ಲ, ಅಷ್ಟೇ ಭಾರ ಹಾಕಿ. ಒಂದು ಕೂದಲಷ್ಟು ಜಾರಿದರೂ ಆ ಹೋಲ್ಡರ್ ನಮ್ಮ ಕೆಲಸಕ್ಕೆ ಬರುವುದಿಲ್ಲ. ಮುಂದೆ ಸಿಂಬಲ್ ಸ್ಟ್ಯಾಂಡ್ ಪೂರ್ತಿ ಎತ್ತರಕ್ಕೆ ಏರಿಸಿ, ತುದಿ ಹಿಡಿದು ಅಲುಗಾಡಿಸುತ್ತೇನೆ. ಕೀಲಿನಲ್ಲಿ 'ಟಿಕ್ ಟಿಕ್' ಎಂದರೆ ಅಲ್ಲಿ ಜಾಗ ಬಿಟ್ಟಿದೆ ಎಂದರ್ಥ. ಕೊನೆಗೆ ವಿಂಗ್ ನಟ್ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ಥ್ರೆಡ್ ನೋಡುತ್ತೇನೆ. ಥ್ರೆಡ್ ಆಳವಾಗಿ, ಅಂಚು ಚೂಪಾಗಿ ಇರಬೇಕು. ಮೇಲೆ ಮೇಲೆ ಗೀರಿದಂತೆ ಇದ್ದರೆ ಬಾಳಿಕೆ ಎರಡೇ ವರ್ಷ.

ಈಗ ನಿನ್ನ ಮೂರು ಸೆಟ್. ಯಮಹಾದ ಟಾಮ್ ಹೋಲ್ಡರ್‌ನಲ್ಲಿ ಒಂದು ಗುಂಡು, ಅದರೊಳಗೆ ಆರು ಮೂಲೆಯ ರಾಡ್. ಗುಂಡಾದ್ದರಿಂದ ಯಾವ ಕಡೆ ಬೇಕಾದರೂ ತಿರುಗಿಸಬಹುದು. ರಾಡ್ ಆರು ಮೂಲೆಯಾದ್ದರಿಂದ ಬಿಗಿ ಮಾಡಿದ ಮೇಲೆ ತಾನಾಗಿ ಸುತ್ತುವುದಿಲ್ಲ. ಇಷ್ಟು ಸರಳ, ಇಷ್ಟು ಗಟ್ಟಿ ಹೋಲ್ಡರ್ ಈ ಬೆಲೆಯಲ್ಲಿ ಬೇರೆ ಇಲ್ಲ ಎಂಬುದು ನನ್ನ ಅನುಭವ. ಟಾಮ್ ಶೆಲ್‌ಗೆ ಮೌಂಟ್ ತಾಗುವ ಜಾಗವೂ ಚಿಕ್ಕದು, ಹಾಗಾಗಿ ದನಿ ಸಾಯುವುದಿಲ್ಲ.

ಎಕ್ಸ್‌ಪೋರ್ಟ್‌ನಲ್ಲಿ ಆಪ್ಟಿ-ಲಾಕ್ ಎನ್ನುವ ಮೌಂಟ್. ಅದು ಹೆಡ್ ಬಿಗಿಯುವ ಟೆನ್ಷನ್ ರಾಡ್‌ಗಳನ್ನು ಹಿಡಿದು ಟಾಮ್ ಅನ್ನು ತೂಗುಹಾಕುತ್ತದೆ. ದನಿಗೆ ಒಳ್ಳೆಯದು. ಆದರೆ ಹೆಡ್ ಬದಲಿಸುವಾಗ ಮೌಂಟ್ ಕೂಡ ಬಿಚ್ಚಿಕೊಳ್ಳುತ್ತದೆ, ಕಾರ್ಯಕ್ರಮದ ಮಧ್ಯೆ ಹೆಡ್ ಹರಿದರೆ ಆ ಎರಡು ನಿಮಿಷ ಜಾಸ್ತಿ ಬೇಕು. ಅದಕ್ಕೆ ಬದಲಾಗಿ ಎಕ್ಸ್‌ಪೋರ್ಟ್ ಜೊತೆ 830 ಸರಣಿಯ ಸ್ಟ್ಯಾಂಡ್‌ಗಳು, ಪಿ-930 ಪೆಡಲ್ ಬರುತ್ತವೆ. ಈ ಮಟ್ಟದ ಸೆಟ್‌ಗೆ ಅವು ಚೆನ್ನಾಗಿವೆ. ಸ್ಟೇಜ್ ಕಸ್ಟಮ್ ಹೆಚ್ಚಾಗಿ ಶೆಲ್ ಮಾತ್ರ ಸಿಗುವುದು, ಸ್ಟ್ಯಾಂಡ್ ಬೇರೆ ಕೊಳ್ಳಬೇಕು. ಬೆಲೆ ಹೋಲಿಸುವಾಗ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಶೆಲ್‌ನ ಬೆಲೆಯನ್ನೂ ಪೂರ್ತಿ ಸೆಟ್‌ನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಕಡಲ ಬೀಟ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತುಕ್ಕು.

ಮಂಗಳೂರಿನಲ್ಲಿ ಚರ್ಚ್‌ನಲ್ಲಿ ಪ್ರತಿ ಭಾನುವಾರ ನುಡಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆ, ಅದರಲ್ಲಿ ಉಪ್ಪು ಬೇರೆ. ಎರಡನೇ ಮಳೆಗಾಲಕ್ಕೇ ನನ್ನ ಮೊದಲ ಸೆಟ್‌ನ ಟೆನ್ಷನ್ ರಾಡ್‌ಗಳು ಲಗ್ (ಶೆಲ್ ಮೇಲೆ ರಾಡ್ ಕೂರುವ ಲೋಹದ ಗೂಡು) ಒಳಗೆ ಹಿಡಿದುಕೊಂಡವು. ಬಿಚ್ಚಲು ಹೋಗಿ ಒಂದರ ತಲೆ ಡ್ರಮ್ ಕೀಯೊಳಗೆ ತಿರುಚಿಹೋಯಿತು. ಆಮೇಲೆ ಕಲಿತದ್ದು: ಮೇ ತಿಂಗಳ ಕೊನೆಯಲ್ಲಿ ಎಲ್ಲ ರಾಡ್ ತೆಗೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಥ್ರೆಡ್‌ಗೆ ತೆಳುವಾಗಿ ವ್ಯಾಸ್‌ಲಿನ್ ಸವರಿ ಮತ್ತೆ ಹಾಕುವುದು. ಪೆಡಲ್ ಚೈನ್‌ಗೆ, ಹೈ-ಹ್ಯಾಟ್ ರಾಡ್‌ಗೆ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ. ಶಿವಮೊಗ್ಗ ಅಂದರೆ ನಿಮಗೂ ಮಳೆ ಕಡಿಮೆಯೇನಲ್ಲ, ಅಲ್ವಾ?

ಮರಕ್ಕಿಂತ ಕ್ರೋಮ್ ಬೇಗ ಹಾಳಾಗುವುದು. ಸೆಟ್ ನೋಡುವಾಗ ಲಗ್‌ನ ಹಿಂಬದಿ, ಹೆಡ್ ಹಿಡಿಯುವ ಬಳೆ, ಅಂದರೆ ಹೂಪ್‌ನ ಒಳಬದಿ ಬೆರಳಿನಲ್ಲಿ ಸವರಿ ನೋಡಿ. ಹೊರಗೆ ಹೊಳೆಯುತ್ತಾ ಒಳಗೆ ಒರಟಾಗಿದ್ದರೆ ಲೇಪ ತೆಳು.

ಎಡಗೈ ಡ್ರಮ್ಮರ್

ಮೈಸೂರಿನಲ್ಲಿ ಮಕ್ಕಳಿಗೆ ಡ್ರಮ್ಸ್ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಒಂದು ಸ್ಟೇಜ್ ಕಸ್ಟಮ್, ಒಂದು ಎಕ್ಸ್‌ಪೋರ್ಟ್ ಅಕ್ಕಪಕ್ಕವೇ ಇವೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಎರಡಕ್ಕೂ ಒಂದೇ ಹೆಡ್ ಹಾಕಿ ಒಂದೇ ಶ್ರುತಿಗೆ ತಂದರೆ, ಹತ್ತು ಹೆಜ್ಜೆ ದೂರ ನಿಂತವರಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ. ನುಡಿಸುವವರಿಗೆ ಗೊತ್ತಾಗುತ್ತದೆ. ಕೇಳುವವರಿಗೆ ಬಹಳ ಕಡಿಮೆ.

ಕಂಪನಿಯಿಂದ ಬರುವ ಹೆಡ್ ನೋಡಿ ಸೆಟ್ ಬಗ್ಗೆ ತೀರ್ಮಾನ ಮಾಡಬೇಡಿ. ಮಧ್ಯಮ ಬೆಲೆಯ ಸೆಟ್‌ಗಳಲ್ಲಿ ಅದೇ ಎಲ್ಲಕ್ಕಿಂತ ಸೋತ ಭಾಗ. ಟಾಮ್‌ಗೆ ರೆಮೋ ಎಂಪರರ್ ಅಥವಾ ಇವಾನ್ಸ್ ಜಿ2 ಹಾಕಿ. ಎರಡೂ ಎರಡು ಪದರದವು, ಒಂದೊಂದು ಪದರ 7 ಮಿಲ್. ಜೋರಾಗಿ ಬಾರಿಸುವ ಆರ್ಕೆಸ್ಟ್ರಾ ಕೈಗೆ ಅವೇ ಸರಿ. ಸ್ನೇರ್‌ಗೆ ಕೋಟೆಡ್ ಆಂಬಾಸಿಡರ್, ಒಂದೇ ಪದರ, 10 ಮಿಲ್, ಅಂದರೆ ಕಾಲು ಮಿಲಿಮೀಟರ್. ಬೇಸ್‌ಗೆ ಪವರ್‌ಸ್ಟ್ರೋಕ್ 3 ಅಥವಾ ಇಮ್ಯಾಡ್. ಒಳಗೆ ಮಡಿಸಿದ ಒಂದು ಟವೆಲ್ ಸಾಕು. ದಿಂಬು ತುರುಕಿದರೆ ಬೇಸ್ ಡ್ರಮ್ ರಟ್ಟಿನ ಪೆಟ್ಟಿಗೆ ಆಗುತ್ತದೆ.

ತಮಟೆಯವರನ್ನು ನೋಡಿದ್ದೀರಲ್ಲ? ಮೆರವಣಿಗೆ ಶುರುವಾಗುವ ಮೊದಲು ಹುಲ್ಲಿಗೆ ಬೆಂಕಿ ಹಾಕಿ, ತಮಟೆಯನ್ನು ಆ ಕಾವಿಗೆ ಹಿಡಿದು, ಬೆರಳಲ್ಲಿ ತಟ್ಟಿ ಕೇಳುತ್ತಾರೆ. ದನಿ ಏರುವವರೆಗೂ ಹೊರಡುವುದಿಲ್ಲ. ಮೃದಂಗದವರು ಪ್ರತಿ ಕಚೇರಿಗೂ ಕಲ್ಲು, ಕಟ್ಟಿಗೆ ಇಟ್ಟುಕೊಂಡು ಅಂಚಿಗೆ ತಟ್ಟಿ ಶ್ರುತಿ ಕೂಡಿಸುತ್ತಾರೆ. ಚರ್ಮವಾದ್ಯಕ್ಕೆ ನಮ್ಮ ನೆಲದಲ್ಲಿ ಅಷ್ಟು ಗೌರವ ಇದೆ. ಡ್ರಮ್ ಸೆಟ್ ಎಂದರೆ ಮಾತ್ರ ಯಾಕೋ ಡಬ್ಬದಿಂದ ತೆಗೆದು ಹಾಗೇ ಬಾರಿಸುತ್ತೇವೆ. ನನ್ನ ವಿದ್ಯಾರ್ಥಿಗಳಿಗೆ ಮೊದಲ ತಿಂಗಳೇ ಕೀ ಕೈಗೆ ಕೊಡುತ್ತೇನೆ. ಎದುರು ಬದುರು ರಾಡ್‌ಗಳನ್ನು ಅರ್ಧ ಅರ್ಧ ಸುತ್ತು ಬಿಗಿಯುತ್ತಾ ಹೋಗುವುದು, ಪ್ರತಿ ರಾಡ್‌ನ ಮುಂದೆ ಅಂಚಿನಿಂದ ಒಂದು ಇಂಚು ಒಳಗೆ ತಟ್ಟಿ ಒಂದೇ ದನಿ ಬರುತ್ತಿದೆಯೇ ಎಂದು ಕೇಳುವುದು. ಕೆಳಗಿನ ಹೆಡ್ ಮೇಲಿನದಕ್ಕಿಂತ ತುಸು ಬಿಗಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಪರೀಕ್ಷೆ. ಎರಡೂ ಹೆಡ್ ತೆಗೆದು ಟಾಮ್ ಶೆಲ್ ಅನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಬೋರಲು ನಿಲ್ಲಿಸಿ. ದೀಪ ಆರಿಸಿ, ಒಳಗೆ ಮೊಬೈಲ್ ಟಾರ್ಚ್ ಬಿಡಿ. ಅಂಚಿನ ಕೆಳಗೆ ಎಲ್ಲಾದರೂ ಬೆಳಕಿನ ಗೆರೆ ಕಂಡರೆ ಅಲ್ಲಿ ಅಂಚು ತಗ್ಗಿದೆ. ಹೆಡ್ ಅಲ್ಲಿ ಸರಿಯಾಗಿ ಕೂರುವುದಿಲ್ಲ, ಎಷ್ಟು ಶ್ರುತಿ ಮಾಡಿದರೂ ಒಂದು ಕಡೆ ಗುಂಯ್ ಎನ್ನುತ್ತಲೇ ಇರುತ್ತದೆ. ನಾನು ಒಂದು ಹಳೇ ಸೆಟ್‌ನ ಫ್ಲೋರ್ ಟಾಮ್ ಜೊತೆ ಮೂರು ತಿಂಗಳು ಗುದ್ದಾಡಿ, ಕೊನೆಗೆ ಈ ಗೆರೆ ಕಂಡಾಗಲೇ ಕಾರಣ ಗೊತ್ತಾದದ್ದು.

ಸ್ಟುಡಿಯೋ ಕಿವಿ

ಅಕ್ಕ, ಹೆಡ್ ಮತ್ತು ಶ್ರುತಿ ದೊಡ್ಡದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ವ್ಯತ್ಯಾಸ ಕಡಿಮೆ ಎಂಬುದು ಬಯಲಿಗೆ, ಶಾಮಿಯಾನಕ್ಕೆ ಸರಿ. ಶೆಲ್‌ಗೆ ಎರಡು ಇಂಚು ದೂರದಲ್ಲಿ ಮೈಕ್ ಇಟ್ಟು ಕೇಳಿದರೆ ಬರ್ಚ್ ಯಾವುದು, ಪೋಪ್ಲರ್ ಯಾವುದು ಎಂದು ದನಿಯ ಬಾಲದಲ್ಲೇ ಗೊತ್ತಾಗುತ್ತದೆ. ಬರ್ಚ್ ಬೇಗ ಮುಗಿಯುತ್ತದೆ. ನಾಲ್ಕು ಮೈಕ್ ಒಟ್ಟಿಗೆ ತೆರೆದಾಗ ಆ ಬೇಗ ಮುಗಿಯುವ ಗುಣವೇ ಕೆಲಸ ಉಳಿಸುತ್ತದೆ.

ಸ್ನೇರ್ ಬಗ್ಗೆ ಯಾರೂ ಹೇಳಿಲ್ಲ. ಹಾಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವುದು ಅದೇ ತಾನೆ? ಆರ್ಮರಿ ಜೊತೆ ಬರುವ ಟೊಮಾಹಾಕ್ ಸ್ನೇರ್ ಸ್ಟೀಲ್, 14 ಇಂಚು ಅಗಲ, 5.5 ಇಂಚು ಆಳ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್, ಗಿಟಾರ್, ಪ್ಯಾಡ್ ಎಲ್ಲದರ ನಡುವೆ ಸೀಳಿಕೊಂಡು ಬರುವುದು ಸ್ಟೀಲ್ ಸ್ನೇರ್. ಆರ್ಮರಿಯ ಪರವಾಗಿ ಇದೊಂದು ದೊಡ್ಡ ಅಂಶ. ಅದರ ಶೆಲ್ ಅಂಚನ್ನೂ ಹೆಡ್ ಸಮನಾಗಿ ಕೂರುವ ಹಾಗೆ ಕೊರೆದಿದ್ದಾರೆ, ಶ್ರುತಿ ಬೇಗ ಸಿಗುತ್ತದೆ.

ಧಾರವಾಡ ಸ್ವಿಂಗ್

ಗ್ರೆಚ್ ಕ್ಯಾಟಲಿನಾ ಕ್ಲಬ್ ನೋಡಿದ್ದೀರಾ ಅಣ್ಣ? ಮಹಾಗನಿ ಶೆಲ್. 18 ಇಂಚಿನ ಬೇಸ್, 12 ಮತ್ತು 14 ಟಾಮ್. ಪೂರ್ತಿ ಸೆಟ್ ಒಂದು ಆಲ್ಟೋದಲ್ಲಿ ಹಿಡಿಯುತ್ತದೆ. ದನಿ ಅಷ್ಟು ಹಿತ, ಬೆಳಗಿನ ಜಾವ ಒಬ್ಬನೇ ಕೂತು ಬ್ರಷ್‌ನಲ್ಲಿ ನುಡಿಸುತ್ತಾ ಇರಬೇಕು ಅನಿಸುತ್ತದೆ.

ಹಳೇ ರಿದಂ ಮೇಷ್ಟ್ರು

ಚಂದದ ಸೆಟ್ ಅದು, ನನಗೂ ಆಸೆ ಇದೆ. ಆದರೆ ಗಣಪತಿ ಪೆಂಡಾಲಿನಲ್ಲಿ ಎರಡು ಸಾವಿರ ಜನ ಕುಣಿಯುವಾಗ 18 ಇಂಚಿನ ಬೇಸ್ ಸಾಲುವುದಿಲ್ಲ. ಮೈಕ್ ಸರಿ ಇದ್ದರೆ ನಡೆಯಬಹುದು. ಹಳ್ಳಿಯ ಸೌಂಡ್‌ನವರ ಹತ್ತಿರ ಬೇಸ್‌ಗೆ ಬೇರೆ ಮೈಕ್ ಎಷ್ಟು ಸಲ ಇರುತ್ತದೆ ಹೇಳು. 22 ಇರಲಿ. 20 ಕೂಡ ಪರವಾಗಿಲ್ಲ.

ಹಡ್ಸನ್ ದಂಡೆ ಕನ್ನಡಿಗ

ನ್ಯೂಜೆರ್ಸಿಯಿಂದ. ಇಲ್ಲಿ ನಮ್ಮ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ನುಡಿಸುವುದು ಹಳೇ ಎಕ್ಸ್‌ಪೋರ್ಟ್‌ನಲ್ಲೇ. ಎಕ್ಸ್‌ಪೋರ್ಟ್ ಮೊದಲು ಬಂದದ್ದು 1982ರಲ್ಲಿ. ನಡುವೆ ಕೆಲವು ವರ್ಷ ನಿಲ್ಲಿಸಿ 2013ರಲ್ಲಿ ಮತ್ತೆ ತಂದರು. ಇಷ್ಟು ಮಾರಾಟವಾದ ಸೆಟ್ ಆದ್ದರಿಂದ ಬಿಡಿ ಭಾಗ ಎಲ್ಲಿ ಹುಡುಕಿದರೂ ಸಿಗುತ್ತದೆ. ಇದು ಸಣ್ಣ ವಿಷಯ ಅಲ್ಲ. ನೀವು ತಗೊಳ್ಳುವ ಸೆಟ್‌ನ ವಿಂಗ್ ನಟ್, ಟಾಮ್ ರಾಡ್, ಬೇಸ್ ಕ್ಲಾ ನಿಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತದಾ ಎಂದು ಮೊದಲೇ ಕೇಳಿ. ಯಮಹಾದ ಆರು ಮೂಲೆ ರಾಡ್ ಬೇರೆ ಕಂಪನಿಯ ಹೋಲ್ಡರ್‌ಗೆ ಕೂರುವುದಿಲ್ಲ, ಅದನ್ನೂ ನೆನಪಿಡಿ.

ಬಾಡಿಗೆ ಮನೆ ಡ್ರಮ್ಸ್

ಈ ಮೂರು ಸೆಟ್‌ಗಿಂತ ಕಡಿಮೆ ಬೆಲೆಗೆ ಟಾಮಾ ಇಂಪೀರಿಯಲ್‌ಸ್ಟಾರ್ ಸಿಂಬಲ್ ಸಮೇತ ಸಿಗುತ್ತದಲ್ಲ? ಪೋಪ್ಲರ್ ಶೆಲ್, ಜೊತೆಗೆ ಮೈನಲ್ ಎಚ್‌ಸಿಎಸ್ ಸಿಂಬಲ್. ಒಂದೇ ಸಲಕ್ಕೆ ಎಲ್ಲ ಮುಗಿಯುತ್ತದೆ.

ಎಡಗೈ ಡ್ರಮ್ಮರ್

ಹೊಸದಾಗಿ ಶುರು ಮಾಡುವವರಿಗೆ ಅದು ತುಂಬಾ ಒಳ್ಳೆಯ ಸೆಟ್. ಆದರೆ ಎಚ್‌ಸಿಎಸ್ ಹಿತ್ತಾಳೆಯದು. ಕಂಚಿನ ಸಿಂಬಲ್‌ನ ಹೊಳಪು, ಉಸಿರು ಅದಕ್ಕೆ ಬರುವುದಿಲ್ಲ. ಈ ತಮ್ಮ ಒಂಬತ್ತು ವರ್ಷ ನುಡಿಸಿದವರು, ಅವರ ಹತ್ತಿರ ಸಿಂಬಲ್ ಈಗಲೇ ಇರಬೇಕು. ಒಳ್ಳೆಯ ಸಿಂಬಲ್ ಇದ್ದರೆ ಮಾರಬೇಡಿ, ಹೊಸ ಸೆಟ್‌ಗೂ ಅವೇ ಇರಲಿ.

ಮಲೆನಾಡ ತಾಳ

ಎಲ್ಲರಿಗೂ ಮನಸಾರೆ ಧನ್ಯವಾದ. ಶನಿವಾರ ಬೆಂಗಳೂರಿಗೆ ಹೋಗಿ ಬಂದೆ. ನನ್ನ ಕೋಲು, ನನ್ನ ಡ್ರಮ್ ಕೀ ತಗೊಂಡು ಹೋಗಿದ್ದೆ. ಜೊತೆಗೆ ನಮ್ಮ ಕೀಬೋರ್ಡ್‌ನವರೂ ಬಂದಿದ್ದರು.

ಮೇಷ್ಟ್ರು ಹೇಳಿದ ಹಾಗೆ ಬಾರಿಸುವ ಮೊದಲು ಒತ್ತಿ ನೋಡಿದೆ. ಸ್ಟೇಜ್ ಕಸ್ಟಮ್‌ನ ಟಾಮ್ ಮೇಲೆ ಪೂರ್ತಿ ಭಾರ ಹಾಕಿದರೂ ಅಲುಗಲಿಲ್ಲ. ಎಕ್ಸ್‌ಪೋರ್ಟ್ ಕೂಡ ಗಟ್ಟಿ ನಿಂತಿತು, ತೂಗುಹಾಕಿರುವುದರಿಂದ ಟಾಮ್ ತುಸು ಬಳುಕುತ್ತದೆ, ಜಾರುವುದಿಲ್ಲ. ಆರ್ಮರಿ ಆ ದಿನ ಅಂಗಡಿಯಲ್ಲಿ ಇರಲಿಲ್ಲ.

ಆಮೇಲೆ ಎರಡೂ ಸೆಟ್‌ನ 12 ಇಂಚಿನ ಟಾಮ್‌ಗಳನ್ನು ಶ್ರುತಿ ಮಾಡಲು ಅಂಗಡಿಯವರ ಅನುಮತಿ ಕೇಳಿದೆ. ಸಂತೋಷದಿಂದ ಒಪ್ಪಿದರು. ಇಪ್ಪತ್ತು ನಿಮಿಷ ಹಿಡಿಯಿತು. ಕೀಬೋರ್ಡ್‌ನವರನ್ನು ಬಾಗಿಲ ಹತ್ತಿರ ಬೆನ್ನು ಮಾಡಿ ನಿಲ್ಲಿಸಿ ಒಂದಾದ ಮೇಲೊಂದು ಬಾರಿಸಿದೆ. ಶ್ರುತಿ ಮಾಡುವ ಮೊದಲು ಪ್ರತಿ ಸಲವೂ ಯಾವ ಸೆಟ್ ಎಂದು ಸರಿಯಾಗಿ ಹೇಳುತ್ತಿದ್ದರು. ಮಾಡಿದ ಮೇಲೆ ಎಂಟು ಸಲದಲ್ಲಿ ಐದು ಸಲ ಮಾತ್ರ ಸರಿ ಹೇಳಿದರು. ಅಕ್ಕ, ನೀವು ಹೇಳಿದ್ದು ಕಣ್ಣೆದುರೇ ನಡೆಯಿತು.

ಆದರೂ ನುಡಿಸುವಾಗ ನನ್ನ ಕೈಗೆ ಬರ್ಚ್ ಇಷ್ಟವಾಯಿತು. ವೇಗವಾಗಿ ಟಾಮ್‌ಗಳ ಮೇಲೆ ಸುತ್ತಿ ಬಂದರೆ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಟೇಜ್ ಕಸ್ಟಮ್ ಶೆಲ್ ತಗೊಂಡೆ. 22 ಬೇಸ್, 10, 12, 16 ಟಾಮ್. ಎಲ್ಲ ಸ್ಟ್ಯಾಂಡನ್ನೂ ಹೊಸದು ಕೊಳ್ಳಲು ಹಣ ಸಾಲಲಿಲ್ಲ. ಹಾಗಾಗಿ ಹೈ-ಹ್ಯಾಟ್ ಸ್ಟ್ಯಾಂಡ್, ಪೆಡಲ್, ಸ್ಟೂಲು ಈ ಮೂರನ್ನು ಭಾರದವು ನೋಡಿ ತಗೊಂಡೆ. ದಿನಾ ಒದೆ ತಿನ್ನುವುದು ಅವೇ ತಾನೆ? ಹಳೇ ಸಿಂಬಲ್ ಸ್ಟ್ಯಾಂಡ್ ಎರಡು ಇನ್ನೂ ಒಂದು ವರ್ಷ ನಡೆಯುತ್ತವೆ, ಅವುಗಳ ವಿಂಗ್ ನಟ್ ಮಾತ್ರ ಬದಲಿಸಿದೆ. ಹೆಡ್‌ಗೆ ಎಂಟು ಸಾವಿರ ಮೊದಲೇ ತೆಗೆದಿಟ್ಟಿದ್ದೆ.

ನಿನ್ನೆ ಭದ್ರಾವತಿಯಲ್ಲಿ ಮೊದಲ ಕಾರ್ಯಕ್ರಮ. ಮೂರೂವರೆ ತಾಸು. ಟಾಮ್ ಇಟ್ಟ ಜಾಗದಲ್ಲೇ ಇತ್ತು. ಮುಗಿದ ಮೇಲೆ ನಮ್ಮ ಹಾಡುಗಾರ್ತಿ ಬಂದು 'ಇವತ್ತು ಏನು ಬದಲಾಯಿಸಿದ್ದೀರಿ, ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು' ಎಂದರು. ಟಾಮ್‌ಗಳ ಗುಂಯ್ ಸದ್ದು ನಿಂತದ್ದಕ್ಕೇ ಅವರ ದನಿಗೆ ಜಾಗ ಸಿಕ್ಕಿದ್ದು ಎಂದು ಆಮೇಲೆ ಹೊಳೆಯಿತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. 16 ಇಂಚಿನ ಫ್ಲೋರ್ ಟಾಮ್ ಹಲಗೆ ವೇದಿಕೆ ಮೇಲೆ ಇಟ್ಟಾಗ ದನಿ ಕುಗ್ಗುತ್ತದೆ, ಮನೆಯಲ್ಲಿ ಹಾಗಿಲ್ಲ. ಯಾಕೆ?

ಹಳೇ ರಿದಂ ಮೇಷ್ಟ್ರು

ತುಂಬಾ ಸಂತೋಷ ತಮ್ಮ. ಹಲಗೆ ಟೊಳ್ಳು. ಫ್ಲೋರ್ ಟಾಮ್‌ನ ನಡುಕವನ್ನೆಲ್ಲ ಕಾಲುಗಳ ಮೂಲಕ ಅದು ಎಳೆದುಕೊಳ್ಳುತ್ತದೆ. ಪ್ರತಿ ಕಾಲಿನ ಕೆಳಗೆ ದಪ್ಪ ಸ್ಪಂಜಿನ ಒಂದು ತುಂಡು ಇಟ್ಟು ನೋಡು. ನಾನು ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಇಡುತ್ತೇನೆ, ಮೂರು ಕಾಲಿಗೆ ಮೂರು ತುಂಡು. ದನಿ ವಾಪಸ್ ಬರುತ್ತದೆ.

ಕಡಲ ಬೀಟ್

ಚಪ್ಪಲಿ ಅಟ್ಟೆ ನಾನೂ ನಾಳೆಯೇ ಮಾಡಿ ನೋಡುತ್ತೇನೆ. ಮಲೆನಾಡ ತಾಳ ಅಣ್ಣ, ಹೊಸ ಸೆಟ್‌ನ ರಾಡ್‌ಗಳಿಗೆ ವ್ಯಾಸ್‌ಲಿನ್ ಮರೆಯಬೇಡಿ. ಮಳೆ ಹಿಡಿಯುವ ಮೊದಲೇ.

ಮಲೆನಾಡ ತಾಳ

ಈ ಭಾನುವಾರವೇ ಬಿಚ್ಚುತ್ತೇನೆ. ಮನೆಯಲ್ಲಿ ಎರಡು ಜೊತೆ ಹಳೇ ಚಪ್ಪಲಿ ಕೂಡ ಸಿಕ್ಕಿವೆ.